ಸಂಕ್ರಾಂತಿಯೊಳಗೆ ಯೆಜ್ಡಿ ರೆಡಿ: ಹಳೆ ಬೈಕಿಗೆ ಚಳಿಗಾಲದ ಕೆಲಸ

ಆಯುಧಪೂಜೆ ದಿನ ಹಳೆ ಬೈಕಿಗೆ ಸಿಗುವ ಮರ್ಯಾದೆ ವರ್ಷದಲ್ಲಿ ಇನ್ಯಾವತ್ತೂ ಸಿಗುವುದಿಲ್ಲ. ಮೂಲೆಯಿಂದ ತಳ್ಳಿಕೊಂಡು ಬಂದು, ಪೈಪ್ ಹಿಡಿದು ನೀರು ಬಿಟ್ಟು ತೊಳೆದು, ಹ್ಯಾಂಡಲ್‌ಗೆ ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಆಮೇಲೆ ಹಣ್ಣು ಹತ್ತಿಸಬೇಕಲ್ಲ, ಕಿಕ್ ಹೊಡೆಯುತ್ತೇವೆ. ಹತ್ತು, ಹದಿನೈದು, ಇಪ್ಪತ್ತು. ಗಾಡಿ ಉಸಿರೆತ್ತುವುದಿಲ್ಲ. ಕೊನೆಗೆ ಇಬ್ಬರು ಹಿಂದಿನಿಂದ ನೂಕಿ ಹಣ್ಣು ಹಿಚುಕಿಸಿ, ಬೂದುಗುಂಬಳಕಾಯಿ ಒಡೆದು, ಮತ್ತೆ ಅದೇ ಮೂಲೆಗೆ.

ನಮ್ಮ ಮನೆಯಲ್ಲೂ ಎಷ್ಟೋ ವರ್ಷ ಹೀಗೇ ನಡೆಯಿತು. ಗಾಡಿ 1975ರ ಯೆಜ್ಡಿ 250. ಅಪ್ಪ ಕೊಂಡಿದ್ದು, ಈಗ ನನ್ನ ಪಾಲಿಗೆ ಬಂದಿದೆ. ಅದನ್ನು ಪ್ರತಿ ಚಳಿಗಾಲ ಹೇಗೆ ನೋಡಿಕೊಳ್ಳುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ಯೆಜ್ಡಿಗೆ ಮೊದಲು ಅದೇ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ ಇದ್ದವರಿಗೆ ಹೆಚ್ಚುಕಮ್ಮಿ ಎಲ್ಲವೂ ಹೊಂದುತ್ತದೆ. ಯೆಜ್ಡಿಯದೇ ಆಮೇಲಿನ ಮಾಡೆಲ್ ರೋಡ್‌ಕಿಂಗ್ ಇದ್ದವರಿಗೆ ಕರೆಂಟಿನ ಭಾಗ ಸ್ವಲ್ಪ ಬೇರೆ.

ಮೊದಲು, ಚಳಿಗಾಲವೇ ಯಾಕೆ? ಮಳೆಗಾಲದಲ್ಲಿ ಬಿಚ್ಚಿಟ್ಟ ಕಬ್ಬಿಣಕ್ಕೆ ಬೆಳಗಾಗುವುದರೊಳಗೆ ತುಕ್ಕು. ಒದ್ದೆ ಗಾಳಿಯಲ್ಲಿ ಹೊಡೆದ ಪೇಂಟ್ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ. ಬೇಸಿಗೆಯಲ್ಲಿ ಶೀಟ್ ಹಾಕಿದ ಶೆಡ್ಡಿನೊಳಗೆ ಕೂತರೆ ಕಾದು ಹಿಡಿದುಕೊಂಡ ಇಂಜಿನ್ನಿನ ಹಾಗೆ ನಾವೇ ಸೀಜ್ ಆಗುತ್ತೇವೆ. ದೀಪಾವಳಿ ಕಳೆದು ಹಿಂಗಾರು ನಿಂತ ಮೇಲೆ ಸಂಕ್ರಾಂತಿ ತನಕ ಗಾಳಿ ಒಣಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಮಲೆನಾಡು, ಕರಾವಳಿಯವರಿಗಂತೂ ಸಿಗುವುದೇ ಈ ಎರಡು ತಿಂಗಳು.

ಎಲ್ಲ ಬಿಚ್ಚಬೇಡಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗಾಡಿ ಕೈಗೆ ಬಂದ ಮೊದಲ ಚಳಿಗಾಲ ನಾನು ಹುಮ್ಮಸ್ಸಿನಲ್ಲಿ ಪೂರ್ತಿ ಬಿಚ್ಚಿದೆ. ಎರಡು ಭಾನುವಾರ ಸಾಕಾಯಿತು ಬಿಚ್ಚುವುದಕ್ಕೆ. ಇಂಜಿನ್ ಒಂದು ಗೋಣಿಚೀಲದಲ್ಲಿ, ಮಡ್‌ಗಾರ್ಡ್ ಅಟ್ಟದ ಮೇಲೆ, ನಟ್ಟು ಬೋಲ್ಟೆಲ್ಲ ಒಂದೇ ಬಿಸ್ಕತ್ ಡಬ್ಬಿಯಲ್ಲಿ. ಕ್ರೋಮ್ ಮಾಡಿಸಲು ಕೊಟ್ಟ ಅಂಗಡಿಯಲ್ಲಿ ಒಂದು ಸೈಲೆನ್ಸರ್ ಕ್ಲಾಂಪ್ ಕಳೆದುಹೋಯಿತು. ಆಫೀಸು, ಮದುವೆ, ಮಗು ಅಂತ ದಿನ ಉರುಳಿ ಗಾಡಿ ಮೂರು ವರ್ಷ ಗೋಣಿಚೀಲದಲ್ಲೇ ಇತ್ತು. ಕೂಡಿಸುವಾಗ ಯಾವ ವಾಶರ್ ಎಲ್ಲಿಯದು ಅಂತ ನನಗೂ ಗೊತ್ತಿಲ್ಲ, ಗಾಡಿ ರಿಪೇರಿ ಮಾಡುವ ನಮ್ಮ ಮೇಸ್ತ್ರಿಗೂ ಗೊತ್ತಿಲ್ಲ. ಆವತ್ತು ಅವರು ಡಬ್ಬಿಯನ್ನು ಅಲ್ಲಾಡಿಸಿ ನೋಡಿ ಹೇಳಿದ್ದು ಇಷ್ಟೇ: "ಸ್ವಾಮಿ, ನಡೀತಾ ಇರೋದನ್ನ ಯಾಕೆ ಬಿಚ್ಚಿದ್ರಿ?"

ಹಾಗಾಗಿ ಈಗ ನನ್ನ ನಿಯಮ ಹೀಗಿದೆ. ಒಂದು ಚಳಿಗಾಲಕ್ಕೆ ಒಂದೇ ದೊಡ್ಡ ಕೆಲಸ. ಒಂದು ವರ್ಷ ಇಂಜಿನ್ ಸೀಲ್, ಇನ್ನೊಂದು ವರ್ಷ ವೈರಿಂಗ್, ಮತ್ತೊಂದು ವರ್ಷ ಚಕ್ರ ಮತ್ತು ಬ್ರೇಕ್. ಉಳಿದಿದ್ದೆಲ್ಲ ಬರೀ ಕ್ಲೀನ್ ಮಾಡುವುದು, ಗ್ರೀಸ್ ಹಾಕುವುದು, ನೋಡುವುದು. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಒಂದು ಭಾಗದ ಬೋಲ್ಟ್ ಒಂದು ಹಾಲಿನ ಕವರಿನಲ್ಲಿ, ಒಳಗೆ ಚೀಟಿ. ಸುಮ್ನೆ ಸೋಮಾರಿತನ ಮಾಡಬೇಡಿ, ಎರಡು ತಿಂಗಳಾದ ಮೇಲೆ ಯಾವುದೂ ನೆನಪಿರುವುದಿಲ್ಲ.

ಮೊದಲ ಭಾನುವಾರ: ಇಂಜಿನ್ ತಿರುಗುತ್ತದೆಯೇ?

ಗಾಡಿ ವರ್ಷಗಟ್ಟಲೆ ನಿಂತಿದ್ದರೆ ಬಂದ ಕೂಡಲೇ ಕಿಕ್ ಹೊಡೆಯಬೇಡಿ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎರಡು ಚಮಚ 2ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬಿಡಿ. ಅರ್ಧ ಗಂಟೆ ಬಿಟ್ಟು ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಒತ್ತಿ. ಸಲೀಸಾಗಿ ತಿರುಗಿದರೆ ದೊಡ್ಡ ಗಂಡಾಂತರ ಕಳೆಯಿತು ಅಂದುಕೊಳ್ಳಿ.

ತಿರುಗದಿದ್ದರೆ ಪಿಸ್ಟನ್ ರಿಂಗ್ ತುಕ್ಕಿಗೆ ಸಿಕ್ಕಿಕೊಂಡಿದೆ. ಆಗ ಕಿಕ್ಕರ್ ಮೇಲೆ ನಿಂತು ಕುಣಿಯುವುದು ಮಹಾ ತಪ್ಪು. ಒಳಗಿನ ಹಲ್ಲು ಮುರಿದರೆ ಕ್ಲಚ್ ಕಡೆಯ ಕವರ್ ತೆಗೆಯಬೇಕಾಗುತ್ತದೆ. ಡೀಸೆಲ್ ಮತ್ತು 2ಟಿ ಆಯಿಲ್ ಅರ್ಧರ್ಧ ಬೆರೆಸಿ ಪ್ಲಗ್ ತೂತಿನಿಂದ ತುಂಬಿ, ನಾಲ್ಕೈದು ದಿನ ಹಾಗೇ ಬಿಡಿ. ಕಮ್ಮಿಯಾದರೆ ಮತ್ತೆ ತುಂಬಿ. ಆಮೇಲೆ ಟಾಪ್ ಗೇರ್ ಹಾಕಿ, ಗಾಡಿಯನ್ನು ಹಿಂದೆ ಮುಂದೆ ಮೆಲ್ಲಗೆ ತೂಗಿ. ತೊಟ್ಟಿಲು ತೂಗಿದ ಹಾಗೆ. ಒಂದು ಕೂದಲೆಳೆ ಅಲುಗಿದರೆ ಸಾಕು, ನಾಳೆ ಇನ್ನಷ್ಟು ಅಲುಗುತ್ತದೆ. ಹತ್ತು ದಿನವಾದರೂ ಜಪ್ಪಯ್ಯ ಅನ್ನದಿದ್ದರೆ ಹೆಡ್ ಮತ್ತು ಸಿಲಿಂಡರ್ ತೆಗೆಯದೆ ದಾರಿಯಿಲ್ಲ. ಬೋರ್, ಅಂದರೆ ಸಿಲಿಂಡರಿನ ಒಳಗೋಡೆ ಗೀಚಿದ್ದರೆ ಲೇತ್ ಅಂಗಡಿಯಲ್ಲಿ ರೀಬೋರ್ ಮಾಡಿಸಿ, ಅಳತೆಗೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಲೇತ್ ಅಂಗಡಿಗೆ ಹೋಗಿ. ಪಿಸ್ಟನ್ ನೋಡದೆ ಬೋರ್ ಮಾಡುವವರ ಹತ್ತಿರ ಕೊಡಬೇಡಿ.

ಹೊಸಬರಿಗೆ ಒಂದು ಮಾತು. ಈ ಗಾಡಿಯಲ್ಲಿ ಕಿಕ್ಕರೂ ಅದೇ, ಗೇರ್ ಲಿವರೂ ಅದೇ. ಎಡಗಡೆಯ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್. ಅರ್ಧಂಬರ್ಧ ಒತ್ತಿ ತುಳಿದರೆ ಹಲ್ಲು ಸವೆಯುತ್ತದೆ. ಗಾಡಿ ಓಡಿಸುವಾಗ ಲಿವರ್ ಲೊಡಲೊಡ ಅನ್ನುತ್ತಿದ್ದರೆ ಈ ಚಳಿಗಾಲದಲ್ಲಿ ನೋಡಿಸಿ.

ಕಿಡಿ

ಸ್ಟಾರ್ಟ್ ಆಗದ ಹತ್ತು ಯೆಜ್ಡಿಗಳಲ್ಲಿ ಎಂಟಕ್ಕೆ ಕಿಡಿಯದ್ದೇ ಕಾಯಿಲೆ ಅಂತ ನಮ್ಮ ಮೇಸ್ತ್ರಿ ಹೇಳುತ್ತಾರೆ. ಲೆಕ್ಕ ಹಿಡಿದು ಹೇಳಿದ್ದಲ್ಲ. ಆದರೆ ನನ್ನ ಅನುಭವವೂ ಅದೇ.

ಹಳೆ ಯೆಜ್ಡಿಯಲ್ಲಿ ಇರುವುದು 6 ವೋಲ್ಟಿನ ಬ್ಯಾಟರಿ ಮತ್ತು ಅದನ್ನು ಚಾರ್ಜ್ ಮಾಡುವ ಡೈನಮೊ. ಕಿಡಿಗೆ ಕರೆಂಟ್ ಬರುವುದು ಬ್ಯಾಟರಿಯಿಂದ. ಹಾಗಾಗಿ ಬ್ಯಾಟರಿ ಸತ್ತರೆ ಕಿಡಿಯೂ ಸತ್ತ ಹಾಗೆ. ಪ್ಲಗ್, ಕಾಯಿಲ್ ಎಲ್ಲ ಬದಲಾಯಿಸಿ ದುಡ್ಡು ಕಳೆಯುವ ಮೊದಲು ಮಲ್ಟಿಮೀಟರ್ ಹಿಡಿದು ಬ್ಯಾಟರಿ ನೋಡಿ. ತುಂಬಿದ ಬ್ಯಾಟರಿ 6.3 ವೋಲ್ಟಿನ ಆಸುಪಾಸು ತೋರಿಸಬೇಕು. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಲ್ಲಿ ನೀರು ಬೇಡ. ಚಾರ್ಜ್ ನಿಧಾನವಾಗಿ ಮಾಡಬೇಕು. 12 ಆಂಪಿಯರ್-ಅವರ್ ಬ್ಯಾಟರಿಗೆ ಸುಮಾರು 1.2 ಆಂಪಿಯರ್. ಕಾರಿನ ಚಾರ್ಜರ್ ಹಚ್ಚಿ ಕುದಿಸಬೇಡಿ. ಬಿಚ್ಚುವ ಮೊದಲು ಯಾವ ವೈರ್ ಯಾವ ಕಡೆ ಇತ್ತು ಅಂತ ಬರೆದಿಟ್ಟುಕೊಳ್ಳಿ.

ಬ್ಯಾಟರಿ ಸರಿಯಿದ್ದರೆ ಇಂಜಿನ್ನಿನ ಬಲಗಡೆ ಕವರ್ ತೆಗೆಯಿರಿ. ಡೈನಮೊ, ಪಾಯಿಂಟ್, ಕಂಡೆನ್ಸರ್ ಎಲ್ಲ ಒಂದೇ ಕಡೆ ಕಾಣುತ್ತವೆ. ಇಲ್ಲಿ ಸ್ವಲ್ಪ ನಿಧಾನವಾಗಿ ಕೂತು ಕೆಲಸ ಮಾಡಿ.

ಪಾಯಿಂಟ್ ಅಂದರೆ ಎರಡು ಸಣ್ಣ ಬಿಲ್ಲೆಗಳು, ಮುಟ್ಟಿ ಬಿಡುತ್ತವೆ. ಬಿಟ್ಟ ಗಳಿಗೆಯಲ್ಲೇ ಪ್ಲಗ್ಗಿನಲ್ಲಿ ಕಿಡಿ. ಗಾಡಿ ನಿಂತಿದ್ದರೆ ಆ ಬಿಲ್ಲೆಗಳ ಮೇಲೆ ಬೂದು ಬಣ್ಣದ ಪೊರೆ ಕಟ್ಟುತ್ತದೆ, ಕಣ್ಣಿಗೆ ಕಂಡೂ ಕಾಣದ ಹಾಗೆ. ನೈಸಾದ ಪಾಯಿಂಟ್ ಫೈಲನ್ನು ಮಧ್ಯೆ ತೂರಿಸಿ ಎರಡು ಸಲ ಎಳೆಯಿರಿ. ಆಮೇಲೆ ಬಿಳಿ ಕಾಗದದ ಪಟ್ಟಿಯನ್ನು ಪೆಟ್ರೋಲಿನಲ್ಲಿ ಅದ್ದಿ ಮಧ್ಯೆ ಎಳೆಯಿರಿ. ಕಾಗದ ಕಪ್ಪಾಗಿ ಬರುತ್ತದೆ. ಬೆಳ್ಳಗೆ ಬರುವ ತನಕ ಹೊಸ ಪಟ್ಟಿ ಹಾಕುತ್ತಾ ಹೋಗಿ. ಕೈಬೆರಳಿನ ಎಣ್ಣೆಯೂ ತಾಗಬಾರದು. ನಂತರ ಇಂಜಿನ್ ತಿರುಗಿಸಿ ಪಾಯಿಂಟ್ ಪೂರ್ತಿ ತೆರೆದ ಜಾಗದಲ್ಲಿ ನಿಲ್ಲಿಸಿ, ಸಂದಿ ಅಳೆಯುವ ಫೀಲರ್ ಗೇಜಿನ 0.4 ಮಿ.ಮೀ. ಪಟ್ಟಿ ತೂರಿಸಿ. ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಸ್ವಲ್ಪ ತಡೆದು ಬರಬೇಕು. ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಂದು ಸಲ ಅಳೆಯಿರಿ, ಬಿಗಿ ಮಾಡುವಾಗಲೇ ಅದು ಜರುಗುತ್ತದೆ. ತಿರುಗುತ್ತಾ ಪಾಯಿಂಟನ್ನು ತೆರೆಯುವ ಕ್ಯಾಮಿಗೆ ಒರೆಸುವ ಉಣ್ಣೆ ಬತ್ತಿಗೆ ಒಂದೇ ಒಂದು ಹನಿ ಎಣ್ಣೆ. ಎರಡನೇ ಹನಿ ಹಾಕಿದರೆ ಅದು ಹಾರಿ ಪಾಯಿಂಟ್ ಮೇಲೆ ಕೂರುತ್ತದೆ, ಮಾಡಿದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು.

ಪಾಯಿಂಟ್ ಯಾವ ಗಳಿಗೆಯಲ್ಲಿ ಬಿಡುತ್ತದೆ ಅನ್ನುವುದೇ ಟೈಮಿಂಗ್. ನೋಡುವುದು ಸುಲಭ. ತೆಳು ಕಾಗದದ ಚೂರೊಂದನ್ನು ಪಾಯಿಂಟಿಗೆ ಸಿಕ್ಕಿಸಿ ಮೆಲ್ಲಗೆ ಎಳೆದು ಹಿಡಿದುಕೊಂಡು ಇಂಜಿನ್ ತಿರುಗಿಸಿ. ಕಾಗದ ಕೈಗೆ ಬಂದ ಗಳಿಗೆಯೇ ಕಿಡಿಯ ಗಳಿಗೆ. ಆಗ ಪಿಸ್ಟನ್ ಮೇಲ್ತುದಿಗೆ ಎಷ್ಟು ಮಿ.ಮೀ. ಕೆಳಗಿರಬೇಕು ಅನ್ನುವುದು ನಿಮ್ಮ ಮಾಡೆಲ್ಲಿನ ಕೈಪಿಡಿಯಲ್ಲಿ ಇರುತ್ತದೆ. ಅಂದಾಜಿನಲ್ಲಿ ಹೋಗಬೇಡಿ. ಟೈಮಿಂಗ್ ಜಾಸ್ತಿ ಮುಂದಿದ್ದರೆ ಪಿಸ್ಟನ್ ಸುಡುತ್ತದೆ.

ಡೈನಮೊದ ಕಾರ್ಬನ್ ಬ್ರಷ್ ತೆಗೆದು ನೋಡಿ. ಗಿಡ್ಡವಾಗಿದ್ದರೆ ಹೊಸದು. ತಾಮ್ರದ ಭಾಗ ಕಪ್ಪಾಗಿದ್ದರೆ ತುಂಬ ನೈಸಾದ ಉಪ್ಪುಕಾಗದದಿಂದ ಉಜ್ಜಿ, ಪಟ್ಟಿಗಳ ನಡುವಿನ ಸಂದಿಯ ಮಸಿಯನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಿರಿ. ಗಾಡಿ ಸ್ಟಾರ್ಟ್ ಆದ ಮೇಲೆ ರೇಸ್ ಮಾಡಿದಾಗ ಹೆಡ್‌ಲೈಟ್ ಮೇಲಿನ ಕೆಂಪು ದೀಪ ಆರಬೇಕು. ಆರದಿದ್ದರೆ ಚಾರ್ಜ್ ಆಗುತ್ತಿಲ್ಲ.

ಪ್ಲಗ್ 14 ಮಿ.ಮೀ.ದು, ಗಿಡ್ಡ ಮರೆಯದು (ಮರೆ ಅಂದರೆ ಥ್ರೆಡ್). ಬೆಂಗಳೂರು ಆಡುಗೋಡಿಯ ಮೈಕೊ ಪ್ಲಗ್ ಹಾಕಿದ್ದವರು ಆ ಡಬ್ಬಿಯನ್ನು ಈಗಲೂ ಹುಡುಕುತ್ತಾರೆ. ಎನ್‌ಜಿಕೆ ಬಿ7ಎಚ್‌ಎಸ್ ಹಾಕಿದರೂ ನಡೆಯುತ್ತದೆ. ಉದ್ದ ಮರೆಯ ಪ್ಲಗ್ ಮಾತ್ರ ಹಾಕಲೇಬೇಡಿ, ಪಿಸ್ಟನ್ನಿಗೆ ತಗಲುತ್ತದೆ. ಕಿಡಿ ನೋಡುವಾಗ ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿಟ್ಟು ಕಿಕ್ ಹೊಡೆಯಿರಿ. ಹತ್ತಿರ ಪೆಟ್ರೋಲ್ ಡಬ್ಬಿ ತೆರೆದಿಟ್ಟಿರಬಾರದು. ನೀಲಿ ಕಿಡಿ ಟಪ್ ಅಂತ ಸದ್ದು ಮಾಡಿದರೆ ಮುಂದಿನ ಕೆಲಸಕ್ಕೆ ಹೋಗಿ.

ಟ್ಯಾಂಕ್ ತೊಳೆಯುವುದು

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ತಳದಲ್ಲಿ ತುಕ್ಕು ಶುರುವಾಗುವುದು ಅಲ್ಲಿಂದ. 1975ರಲ್ಲಿ ಮಾಡಿದ ರಬ್ಬರ್ ಪೈಪಿಗೆ, ವಾಶರಿಗೆ ಈ ಎಥನಾಲ್ ಆಗಿಬರುವುದಿಲ್ಲ, ಉಬ್ಬಿ ಮೆತ್ತಗಾಗುತ್ತವೆ. ಪೆಟ್ರೋಲ್ ಪೈಪ್ ಮತ್ತು ನಲ್ಲಿಯ ವಾಶರುಗಳನ್ನು ಎಥನಾಲ್ ತಡೆಯುವ ರಬ್ಬರಿಗೆ ಬದಲಾಯಿಸುವುದು ಸಣ್ಣ ಖರ್ಚು. ಅದನ್ನು ಮೊದಲು ಮಾಡಿ.

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕಂದು ಪುಡಿ ಕಂಡರೆ ತೊಳೆಯಬೇಕು. ಕೆಲವರು ಜಲ್ಲಿ ಕಲ್ಲು ಹಾಕಿ ಕುಲುಕುತ್ತಾರೆ. ನನಗದು ಇಷ್ಟವಿಲ್ಲ, ಬೆಸುಗೆಯ ಜಾಗಕ್ಕೆ ಏಟು ಬೀಳುತ್ತದೆ. ನಾನು ಬಳಸುವುದು ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್ ಹರಳು. ಅಮ್ಮ ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರಲ್ಲ, ಕೆಲಸ ಹೆಚ್ಚುಕಮ್ಮಿ ಅದೇ. ಹುಳಿ ತುಕ್ಕನ್ನು ತಿನ್ನುತ್ತದೆ.

ಟ್ಯಾಂಕನ್ನು ಗಾಡಿಯಿಂದ ಇಳಿಸಿ, ಪೆಟ್ರೋಲ್ ಖಾಲಿ ಮಾಡಿ, ಸೋಪಿನ ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆಯಿರಿ. ಎಣ್ಣೆ ಜಿಡ್ಡು ಉಳಿದರೆ ಹುಳಿ ಒಳಗೆ ಹತ್ತುವುದಿಲ್ಲ. ನಲ್ಲಿ ತೆಗೆದು ಆ ತೂತಿಗೆ ರಬ್ಬರ್ ಬಿರಡೆ ಹಾಕಿ. ಹೊರಗಿನ ಪೇಂಟಿಗೂ ಕ್ರೋಮಿಗೂ ಗ್ರೀಸ್ ಸವರಿ, ಹುಳಿ ನೀರು ಸುರಿದರೂ ಕಲೆ ಆಗದಿರಲಿ. ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂ ಲೆಕ್ಕದಲ್ಲಿ ನಿಂಬೆ ಉಪ್ಪು ಕರಗಿಸಿ ಕಂಠದ ತನಕ ತುಂಬಿ. ನಮ್ಮ ಟ್ಯಾಂಕು ಸುಮಾರು 13 ಲೀಟರಿನದು, ಒಂದೂಕಾಲು ಕೆ.ಜಿ. ಬೇಕಾಯಿತು. ಮುಚ್ಚಳ ಬಿಗಿಯಾಗಿ ಮುಚ್ಚಬೇಡಿ, ಗಾಳಿಗುಳ್ಳೆ ಏಳುತ್ತದೆ. ಒಂದು ದಿನ ಬಿಟ್ಟು ನೋಡಿದರೆ ನೀರು ಹಸಿರು-ಹಳದಿಯಾಗಿ, ಒಳಗಿನ ತಗಡು ಬೂದು ಬಣ್ಣದಲ್ಲಿ ಕಾಣುತ್ತದೆ.

ಇನ್ನು ಮುಂದೆ ಕೈ ಚುರುಕಾಗಿರಬೇಕು. ಹುಳಿ ನೀರು ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರು ಹಾಕಿ ಕುಲುಕಿ, ಬರೀ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಬೋರಲು ಇಡಿ. ಒಣಗಿದ ತಕ್ಷಣ ಒಂದು ಲೋಟ 2ಟಿ ಆಯಿಲ್ ಹಾಕಿ ಎಲ್ಲ ಕಡೆ ಸುತ್ತಿಸಿ. ತಡ ಮಾಡಿದರೆ ಕಣ್ಣೆದುರಿಗೇ ಹೊಸ ತುಕ್ಕು ಕಿತ್ತಳೆ ಬಣ್ಣದಲ್ಲಿ ಮೂಡುತ್ತದೆ. ನಾನು ಒಮ್ಮೆ ಊಟಕ್ಕೆ ಹೋಗಿ ಬಂದು ಪೂರ್ತಿ ಕೆಲಸವನ್ನು ಇನ್ನೊಂದು ಸಲ ಮಾಡಿದ್ದೇನೆ.

ತುಕ್ಕು ಹೋದ ಮೇಲೆ ಸೂಜಿತೂತು ಕಂಡರೆ ಎದೆಗುಂದಬೇಡಿ, ಬೆಸುಗೆ ಹಾಕಿಸಬಹುದು. ಆದರೆ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗೆ ಹಾಗೇ ಒಯ್ಯಬೇಡಿ. ಖಾಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿ ಉಳಿದಿರುತ್ತದೆ, ಬಾಂಬಿನ ಹಾಗೆ ಸಿಡಿಯುತ್ತದೆ. ಟ್ಯಾಂಕ್ ಕೆಲಸ ಗೊತ್ತಿದ್ದವರ ಹತ್ತಿರವೇ ಕೊಡಿ.

ಕಾರ್ಬ್ಯುರೇಟರ್ ದೊಡ್ಡ ವಿಷಯವಲ್ಲ. ಬಿಚ್ಚಿ, ಪೆಟ್ರೋಲಿನಲ್ಲಿ ನೆನೆಹಾಕಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳಿಗೆ ಸೈಕಲ್ ಪಂಪಿನಿಂದ ಗಾಳಿ ಊದಿ. ಪಿನ್ನು, ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಮೈಲೇಜ್ ಹೋಯಿತು. ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ಅಲ್ಲಾಡಿಸಿದರೆ ಒಳಗೆ ಗುಳುಗುಳು ಅಂದರೆ ತೂತಾಗಿದೆ ಅಂತ ಅರ್ಥ.

ಪೆಟ್ರೋಲಿಗೆ ಆಯಿಲ್ ಬೆರೆಸುವ ಲೆಕ್ಕ ನಾನು ಲೀಟರಿಗೆ 40 ಮಿ.ಲೀ. ಇಟ್ಟುಕೊಂಡಿದ್ದೇನೆ. ಐದು ಲೀಟರಿಗೆ 200 ಮಿ.ಲೀ. ಮೊದಲೆಲ್ಲ ಬಂಕಿನಲ್ಲೇ ಕೈಪಂಪಿನಿಂದ ಆಯಿಲ್ ಹಾಕಿಕೊಡುತ್ತಿದ್ದರು. ಈಗ ನಾವೇ ಬಾಟಲಿ ಇಟ್ಟುಕೊಂಡಿರಬೇಕು. ಮೊದಲು ಆಯಿಲ್ ಸುರಿದು ಆಮೇಲೆ ಪೆಟ್ರೋಲ್ ಹಾಕಿಸಿದರೆ ತಾನಾಗೇ ಬೆರೆಯುತ್ತದೆ. ಹೊಗೆ ಕಮ್ಮಿ ಮಾಡಲು ಆಯಿಲ್ ಕಮ್ಮಿ ಹಾಕುವುದು ಕಳ್ಳ ಲೆಕ್ಕ. ಬೇರಿಂಗಿಗೂ ಪಿಸ್ಟನ್ನಿಗೂ ಬೇರೆ ಎಣ್ಣೆಯೇ ಇಲ್ಲ.

ಇಂಜಿನ್ ಆಯಿಲ್ ಕುಡಿಯುತ್ತಿದೆಯೇ?

ಗೇರ್ ಆಯಿಲ್ ಕಮ್ಮಿಯಾಗುತ್ತಿದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಹಾಗಾದರೆ ಎಲ್ಲಿ ಹೋಯಿತು? ಇಂಜಿನ್ ಕುಡಿದಿದೆ.

ಟೂ-ಸ್ಟ್ರೋಕ್ ಇಂಜಿನ್ನಿನ ಕೆಳಭಾಗವೂ ಪಂಪಿನ ಹಾಗೆ ಗಾಳಿ ಎಳೆಯುತ್ತದೆ. ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕಿನ ಎರಡೂ ತುದಿಗೆ ಆಯಿಲ್ ಸೀಲ್ ಇರುತ್ತದೆ. ಗಾಡಿ ನಿಂತರೆ ಆ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ಲನ್ನು ಇಂಜಿನ್ ಒಳಗೆಳೆದು ಸುಡುತ್ತದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲುವುದಿಲ್ಲ, ಪ್ಲಗ್ ಪದೇಪದೇ ಒದ್ದೆಯಾಗುತ್ತದೆ. ಬಲಗಡೆ, ಡೈನಮೊ ಕಡೆಯ ಸೀಲ್ ಹೋದರೆ ಇನ್ನೂ ಅಪಾಯ. ಅಲ್ಲಿಂದ ಬರೀ ಗಾಳಿ ಒಳಗೆ ಹೋಗುತ್ತದೆ. ಆಯಿಲ್ ಬೆರೆತ ಪೆಟ್ರೋಲಿನ ಪಾಲು ಕಮ್ಮಿಯಾಗಿ ಇಂಜಿನ್ ಕಾದು ಸೀಜ್ ಆಗುತ್ತದೆ. ಥ್ರಾಟಲ್ ಬಿಟ್ಟರೂ ರೇಸ್ ಇಳಿಯದೆ ಹುಚ್ಚು ಹಿಡಿದ ಹಾಗೆ ಓಡುತ್ತಿದ್ದರೆ ಮೊದಲ ಅನುಮಾನ ಈ ಸೀಲಿನ ಮೇಲೆ ಇರಲಿ. ಕಾರ್ಬ್ಯುರೇಟರ್ ಟ್ಯೂನಿಂಗ್ ಮಾಡುತ್ತಾ ಕೂರಬೇಡಿ.

ಸೀಲ್ ಬದಲಾಯಿಸಲು ಎಳೆಯುವ ಪುಲ್ಲರ್ ಬೇಕು. ನಾನು ಈ ಕೆಲಸವನ್ನು ಮೇಸ್ತ್ರಿಗೇ ಬಿಡುತ್ತೇನೆ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನೋಡುತ್ತೇನೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ, 1996ರ ತನಕ ಈ ಗಾಡಿಗಳು ತಯಾರಾದವು. ಹಾಗಾಗಿ ಈ ಇಂಜಿನ್ ಕಣ್ಣು ಮುಚ್ಚಿಕೊಂಡು ಬಿಚ್ಚುವ ಕೈಗಳು ನಮ್ಮ ಮೈಸೂರಿನಲ್ಲಿ ಇನ್ನೂ ಇವೆ. ಅಂಥವರಿಗೆ ವಯಸ್ಸಾಗುತ್ತಿದೆ. ಮುಂದಿನ ವರ್ಷ ಮಾಡಿಸೋಣ ಅಂತ ಮುಂದೂಡಬೇಡಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತುವುದು ಇದ್ದದ್ದೇ. ಹಳೆಯ ಸಾಮಾನನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಪಕ್ಕದಲ್ಲಿ ಹಿಡಿದು ನೋಡಿ ಕೊಳ್ಳಿ.

ಗೇರ್ ಆಯಿಲ್ ಅಂತೂ ಪ್ರತಿ ಚಳಿಗಾಲ ಬದಲಾಯಿಸಿ. ಇಂಜಿನ್ ಬಿಸಿಯಿದ್ದಾಗ ಇಳಿಸಿದರೆ ಕೊಳೆಯೆಲ್ಲ ಜೊತೆಗೇ ಬರುತ್ತದೆ. ಹಾಲು ಬೆರೆತ ಕಾಫಿಯ ಹಾಗೆ ಕಂಡರೆ ನೀರು ಸೇರಿದೆ, ಆಯುಧಪೂಜೆಯ ಪೈಪಿನ ನೀರೇ ಇರಬೇಕು. ಕ್ಲಚ್ ಇದೇ ಆಯಿಲ್ಲಿನಲ್ಲಿ ಮುಳುಗಿರುವುದರಿಂದ ಕಾರಿನ ನುಣುಪು ಆಯಿಲ್ ಹಾಕಬೇಡಿ, ಕ್ಲಚ್ ಜಾರುತ್ತದೆ.

ಸೈಲೆನ್ಸರ್ ಎರಡು, ಮಸಿಯೂ ಎರಡರಷ್ಟು

ಸಿಲಿಂಡರ್ ಒಂದೇ ಆದರೂ ಈ ಗಾಡಿಗೆ ಎರಡು ಸೈಲೆನ್ಸರ್. ಒಳಗಿನ ಕೊಳವೆ ತೆಗೆದರೆ ಡಾಂಬರಿನಂಥ ಮಸಿ. ಗಾಡಿ 50 ದಾಟುತ್ತಿಲ್ಲ, ಉಬ್ಬಸ ಪಡುತ್ತಿದೆ ಅಂದರೆ ಎಷ್ಟೋ ಸಲ ಇದೇ ಕಾರಣ. ನಮ್ಮ ಹಿತ್ತಲಿನಲ್ಲಿ ಸ್ನಾನದ ನೀರಿನ ಒಲೆ ಇದ್ದಾಗ ಅಪ್ಪ ಈ ಕೊಳವೆಗಳನ್ನು ಕೆಂಡಕ್ಕೆ ಹಾಕುತ್ತಿದ್ದರು. ಮಸಿ ಉರಿದು ಬೂದಿಯಾಗಿ ಉದುರುತ್ತಿತ್ತು. ಈಗಲೂ ಅದೇ ಒಳ್ಳೆಯ ಉಪಾಯ, ಮನೆಯಿಂದ ದೂರದಲ್ಲಿ, ಗಾಳಿ ಆಡುವ ಕಡೆ. ಕ್ರೋಮ್ ಇರುವ ಹೊರಗಿನ ಭಾಗವನ್ನು ಮಾತ್ರ ಬೆಂಕಿಗೆ ಹಿಡಿಯಬೇಡಿ, ನೀಲಿಯಾಗುತ್ತದೆ. ಸಿಲಿಂಡರಿನ ಹೊಗೆ ಬಾಯಿಯಲ್ಲೂ ಮಸಿ ಕಟ್ಟಿರುತ್ತದೆ. ಪಿಸ್ಟನ್ ಕೆಳಗಿಳಿಸಿ, ಮೊಂಡು ಮರದ ಕಡ್ಡಿಯಿಂದ ಕೆರೆಯಿರಿ.

ಇನ್ನೊಂದು, ಕಣಜ. ನಿಂತ ಗಾಡಿಯ ಸೈಲೆನ್ಸರ್ ಬಾಯಿಗೆ ಅದು ಮಣ್ಣಿನ ಗೂಡು ಕಟ್ಟುತ್ತದೆ. ನಂಬಲಿಕ್ಕಿಲ್ಲ, ಒಂದು ವರ್ಷ ಅರ್ಧ ದಿನ ಕಿಕ್ ಹೊಡೆದು ಸುಸ್ತಾದ ಮೇಲೆ ನನಗದು ಕಂಡಿದ್ದು.

ಚೈನು, ಬ್ರೇಕು, ವೈರು

ಇಲ್ಲಿ ಜಾಸ್ತಿ ಹೇಳುವುದೇನಿಲ್ಲ. ಯೆಜ್ಡಿಯ ಚೈನು ಮುಚ್ಚಿದ ಪೆಟ್ಟಿಗೆಯೊಳಗೆ ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಮರೆತುಹೋಗುತ್ತದೆ. ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಹಚ್ಚಿ. ಕೂಡಿಸಿದ ಮೇಲೆ ಎರಡು ಸೆಂ.ಮೀ. ಆಡುವಷ್ಟು ಸಡಿಲ ಇರಲಿ. ಲಿಂಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು.

ಬ್ರೇಕ್ ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನರಿನಲ್ಲಿ ಕಲ್ನಾರು ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಬಿಸಾಕಿ. ಹೆಡ್‌ಲೈಟ್ ಡೂಮಿನೊಳಗೆ ಇಲಿ ಕಡಿದ ವೈರು ಇದೆಯೇ ನೋಡಿ. ಟಯರ್ ಗೋಡೆಯಲ್ಲಿ ಬಿರುಕಿದ್ದರೆ ನೆಲಕ್ಕೆ ತಾಗುವ ಕಡೆಯ ಹೂವು ಚೆನ್ನಾಗಿದ್ದರೂ ಬದಲಾಯಿಸಿ.

ಪೇಂಟ್ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ಟ್ಯಾಂಕಿನ ಮೇಲಿನ ಚಿನ್ನದ ಬಣ್ಣದ ಗೆರೆಯನ್ನು ಆಗ ಕುಂಚ ಹಿಡಿದು ಕೈಯಲ್ಲೇ ಎಳೆಯುತ್ತಿದ್ದರು. ಅಪ್ಪನ ಮಂಡಿ ತಗುಲಿ ಸವೆದ ಜಾಗವೂ ಹಾಗೇ ಇದೆ. ಹೊಸ ಪೇಂಟನ್ನು ಯಾವತ್ತಾದರೂ ಹೊಡೆಸಬಹುದು, ಹಳೆಯದನ್ನು ವಾಪಸ್ ತರಲು ಆಗುವುದಿಲ್ಲ. ತುಕ್ಕು ಹಬ್ಬುತ್ತಿರುವ ಜಾಗಕ್ಕಷ್ಟೇ ಕೈ ಹಾಕಿ. ಮಂಕಾದ ಕ್ರೋಮಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಮೇಲಿನ ತುಕ್ಕು ಬರುತ್ತದೆ.

ಕಾಗದ ಪತ್ರ

ಗಾಡಿ ಎಷ್ಟೇ ಚೆನ್ನಾಗಿದ್ದರೂ ಆರ್‌ಸಿ ಮುಗಿದಿದ್ದರೆ ರಸ್ತೆಗೆ ಇಳಿಸುವ ಹಾಗಿಲ್ಲ. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ಇನ್ಶೂರೆನ್ಸ್, ಹೊಗೆ ತಪಾಸಣೆ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ 2021ರ ನಿಯಮದ ಪ್ರಕಾರ 'ವಿಎ' ಅಕ್ಷರ ಇರುವ ವಿಂಟೇಜ್ ನೋಂದಣಿ ಮಾಡಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ಆದರೆ ಆ ನೋಂದಣಿ ಇದ್ದರೆ ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ನನ್ನ ಹಾಗೆ ಹಾಲು ತರುವುದಕ್ಕೂ ಇದೇ ಗಾಡಿ ಅನ್ನುವವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ವಾಸಿ.

ನಿಲ್ಲಿಸಿಡುವುದಾದರೆ

ಊರು ಬಿಟ್ಟು ಇರುವವರು, ವರ್ಷಕ್ಕೊಮ್ಮೆ ಬರುವವರು ಹೀಗೆ ಮಾಡಿ. ಪೆಟ್ರೋಲ್ ನಲ್ಲಿ ಬಂದ್ ಮಾಡಿ, ಇಂಜಿನ್ ತಾನಾಗೇ ನಿಲ್ಲುವ ತನಕ ಓಡಿಸಿ, ಕಾರ್ಬ್ಯುರೇಟರ್ ಖಾಲಿಯಾಗಲಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಳಗೆ ಆಯಿಲ್ ಸವರಿ. ಪ್ಲಗ್ ತೂತಿಗೆ ಎರಡು ಚಮಚ ಆಯಿಲ್. ಬ್ಯಾಟರಿ ಬಿಚ್ಚಿ ಮನೆಯವರಿಗೆ ಕೊಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಲು ಹೇಳಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಕಣಜಕ್ಕೆ. ಮೇಲೆ ಹೊದಿಸಲು ಅಮ್ಮನ ಹಳೆ ಕಾಟನ್ ಸೀರೆ ಅಥವಾ ಪಂಚೆ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿದರೆ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಹ್ಯಾಂಡಲ್ ಲಾಕ್ ಹಾಕಿ, ಚಕ್ರಕ್ಕೊಂದು ಸರಪಳಿ ಬೀಗವನ್ನೂ ಹಾಕಿ. ಈ ಗಾಡಿಯ ಕೀ ಅಂದರೆ ಒಂದು ಕಡ್ಡಿ, ಮೊಳೆ ತುರುಕಿದರೂ ಆನ್ ಆಗುತ್ತದೆ ಅನ್ನುವುದು ಊರಿಗೆಲ್ಲ ಗೊತ್ತು.

ಮೊದಲ ಓಟ

ಎಲ್ಲ ಆಯಿತು. ನಲ್ಲಿ ತಿರುಗಿಸಿ, ಕಾರ್ಬ್ಯುರೇಟರ್ ಮೇಲಿನ ಗುಂಡಿಯನ್ನು ಪೆಟ್ರೋಲ್ ಒಸರುವ ತನಕ ಒತ್ತಿ, ಕೀ ಹಾಕದೆ ಎರಡು ಕಿಕ್, ಕೀ ಹಾಕಿ ಒಂದು ಕಿಕ್. ಮೊದಲ ಐದು ನಿಮಿಷ ಒಳಗೆ ಸುರಿದ ಆಯಿಲ್ ಸುಟ್ಟು ಬೀದಿ ತುಂಬ ಹೊಗೆ. ಪಕ್ಕದ ಮನೆಯವರು ಬಟ್ಟೆ ಒಣಹಾಕಿಲ್ಲ ಅಂತ ನೋಡಿಕೊಂಡು ಸ್ಟಾರ್ಟ್ ಮಾಡಿ.

ಹೊಸ ರಿಂಗೋ ಪಿಸ್ಟನ್ನೋ ಹಾಕಿದ್ದರೆ ಒಂದೇ ಸಲ ದೂರ ಓಡಿಸಬಾರದು. ಸ್ವಲ್ಪ ಓಡಿಸುವುದು, ತಣ್ಣಗಾಗಲು ಬಿಡುವುದು, ಮತ್ತೆ ಓಡಿಸುವುದು. ನಾನು ಇದಕ್ಕೆ ಸಂಕ್ರಾಂತಿ ದಿನವನ್ನೇ ಇಟ್ಟುಕೊಂಡಿದ್ದೇನೆ. ಎಳ್ಳು ಬೀರುವುದಕ್ಕೆ ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತೇನೆ. ಎರಡು ಕಿಲೋಮೀಟರಿಗೆ ಒಬ್ಬರ ಮನೆ, ಅಲ್ಲಿ ಕಾಲು ಗಂಟೆ ಮಾತು, ಕಾಫಿ. ಅಷ್ಟರಲ್ಲಿ ಇಂಜಿನ್ ತಣ್ಣಗಾಗಿರುತ್ತದೆ. ವೇಗ 40 ದಾಟಿಸುವುದಿಲ್ಲ. ಸಂಜೆ ವಾಪಸ್ ಬಂದು ಪ್ಲಗ್ ಬಿಚ್ಚಿ ನೋಡುತ್ತೇನೆ. ಮಾರಿ ಬಿಸ್ಕತ್ತಿನ ಬಣ್ಣ ಬಂದಿದ್ದರೆ ಸರಿ, ಬೆಳ್ಳಗಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಕಪ್ಪಗೆ ಒದ್ದೆಯಿದ್ದರೆ ಪೆಟ್ರೋಲ್ ಜಾಸ್ತಿ. ಹೆಡ್ ಬಿಚ್ಚಿದ್ದ ವರ್ಷವಾದರೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಮಾರನೇ ದಿನ ಬೆಳಿಗ್ಗೆ, ಹೆಡ್ಡಿನ ನಾಲ್ಕೂ ನಟ್ಟನ್ನು ಎದುರು ಬದುರಾಗಿ ಇನ್ನೊಂದು ಸಲ ಬಿಗಿ ಮಾಡಿ.